ಅವ್ವ, ಕೋಡಿ ಮತ್ತು ಹತ್ತಡಿ ದೂರ

"ಟಿವಿಗೆ ಕೋಡಿ ಹಾಕೀನವ್ವಾ" ಅಂದೆ. "ಯಾವ ಕೆರೀದು?" ಅಂದಳು ಅವ್ವ.

ತಪ್ಪು ಅವಳದಲ್ಲ. ಬಳ್ಳಾರಿಯ ಮೇ ತಿಂಗಳಲ್ಲಿ ಕೆರೆ ಕೋಡಿ ಬೀಳೋದಿರಲಿ, ನಲ್ಲಿಯಲ್ಲಿ ನೀರು ಬಂದರೇ ಓಣಿಗೆಲ್ಲಾ ಸುದ್ದಿ. ಇದು ಸಿನಿಮಾ, ಹಾಡು, ಫೋಟೊ ಎಲ್ಲಾ ಒಂದೇ ಕಡೆ ತೋರಿಸುವ ಸಾಫ್ಟ್‌ವೇರ್, 2002ರಲ್ಲಿ ಎಕ್ಸ್‌ಬಾಕ್ಸ್ ಅನ್ನೋ ಆಟದ ಪೆಟ್ಟಿಗೆಗೆ ಅಂತ ಶುರುವಾಗಿದ್ದು, 2014ರಲ್ಲಿ ಕೋಡಿ ಅಂತ ಹೆಸರು ಬದಲಿಸಿಕೊಂಡಿತು, ಪುಕ್ಕಟೆ ಸಿಗುತ್ತೆ ಅಂತೆಲ್ಲಾ ಹೇಳಿದೆ. ಅವಳ ಕಿವಿಗೆ ಬಿದ್ದದ್ದು ಪುಕ್ಕಟೆ ಅನ್ನೋದಷ್ಟೇ.

ಒಂದು ಭಾನುವಾರ ಪೂರ್ತಿ ಕೂತು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಎಲ್ಲಾ ಜೋಡಿಸಿದೆ. ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು, ಒಂದೂವರೆ ಅಡಿ ದೂರದಿಂದ. ಟಿವಿಗೆ ಅಂತ ಮಾಡುವ ಪರದೆಗೆ ಹತ್ತಡಿ ಇಂಟರ್‌ಫೇಸ್ ಅಂತಲೇ ಹೆಸರಿದೆ, ಅಂದರೆ ಸುಮಾರು ಮೂರು ಮೀಟರ್ ದೂರ ಕೂತವರಿಗೂ ಅಕ್ಷರ ಕಾಣಬೇಕು, ಬಾಣದ ಗುಂಡಿ ಒತ್ತಿದರೆ ಈಗ ಎಲ್ಲಿದ್ದೀವಿ ಅಂತ ಥಟ್ಟನೆ ತಿಳಿಯಬೇಕು. ಇದೆಲ್ಲಾ ನಾನು ಓದಿದ್ದೆ. ಆದರೆ ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು ಅಂತ ನಿರ್ಧರಿಸೋದು ಏರ್ ಕೂಲರ್. ಅದರ ಪಕ್ಕದ ಮಂಚದಲ್ಲಿ ಅವ್ವ, ಅವಳ ಕನ್ನಡಕ ಯಾವಾಗಲೂ ಅಡಿಗೆಮನೆಯಲ್ಲಿ, ಕೈಯಲ್ಲಿ ಒಗ್ಗರಣಿ ಮಿರ್ಚಿ. ನಾನು ಆಸೆಪಟ್ಟು ಹಾಕಿದ್ದ ಕಡುನೀಲಿ ಹಿನ್ನೆಲೆಯ ಬೂದು ಅಕ್ಷರಗಳು ಅಲ್ಲಿಂದ ಇರುವೆ ಸಾಲು.

"ಇದೇನು?" ಅಂತ ಒಂದು ಚಿತ್ರ ತೋರಿಸಿದಳು. ಹವಾಮಾನ ಅಂದೆ.

"ಬಳ್ಳಾರಿ ಹವಾಮಾನ ನೋಡಾಕ ಟಿವಿ ಯಾಕೋ? ಬಾಗಿಲಾ ತೆಗದ್ರ ಸಾಕಲ್ಲ."

ಅವತ್ತೇ ಮೆನುವಿನಿಂದ ಹವಾಮಾನ ತೆಗೆದೆ. ಆಮೇಲೆ ರೇಡಿಯೊ, ಆಮೇಲೆ ಆಡ್-ಆನ್ ಅನ್ನೋ ಹೆಚ್ಚುವರಿ ಸೌಲಭ್ಯಗಳ ಪಟ್ಟಿ. ಎಷ್ಟು ತೆಗೆದೆನೋ ಅಷ್ಟು ಅವಳ ಮುಖ ಅರಳಿತು.

ಬ್ಯಾಕ್ ಗುಂಡಿಯದು ಬೇರೆಯೇ ಕಥೆ. ಸಿನಿಮಾ ಓಡುವಾಗ ಬ್ಯಾಕ್ ಒತ್ತಿದರೆ ಮೆನು ಬರುತ್ತೆ, ಸಿನಿಮಾ ಹಿಂದೆ ಓಡ್ತಾನೇ ಇರುತ್ತೆ. ನನಗದು ಅನುಕೂಲ, ಆದರೆ ಅವ್ವನಿಗೆ ಹೇಳಿರಲಿಲ್ಲ. ಅವಳು ಬ್ಯಾಕ್ ಒತ್ತಿ, ಮುಗೀತು ಅಂತ ಟಿವಿ ಆರಿಸಿ ಮಲಗಿದ್ದಾಳೆ. ಸೌಂಡ್ ಹೋಗ್ತಿದ್ದದ್ದು ಬೇರೆ ಸ್ಪೀಕರ್‌ಗೆ. ರಾತ್ರಿ ಹನ್ನೊಂದಕ್ಕೆ ಕತ್ತಲ ಹಾಲ್‌ನಲ್ಲಿ ಯಾರೋ ಹೆಂಗಸು ಅಳುವ ಸದ್ದು. ನಾನು ಬರೋಷ್ಟರಲ್ಲಿ ಅವ್ವ ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದಳು.

ಎಲ್ಲಕ್ಕಿಂತ ಜಾಸ್ತಿ ಬೈಸಿಕೊಂಡಿದ್ದು ಅಕ್ಕನ ಮದುವೆ ವಿಡಿಯೊಗೆ. ಫೈಲ್ ಹೆಸರು ನೋಡಿ ಇದು ಯಾವ ಸಿನಿಮಾ ಅಂತ ನೆಟ್‌ನಲ್ಲಿ ಹುಡುಕಿ, ಪೋಸ್ಟರ್ ತಂದು ಅಂಟಿಸೋದು ಇಂಥ ಸಾಫ್ಟ್‌ವೇರ್‌ಗಳ ಜಾಣತನ. ನಾನು ಫೈಲಿಗೆ ಸುಮ್ನೆ ಇಂಗ್ಲಿಷಿನಲ್ಲಿ ದಿ ವೆಡ್ಡಿಂಗ್ ಅಂತ ಇಟ್ಟು, ಸಿನಿಮಾ ಫೋಲ್ಡರ್‌ಗೇ ಎಸೆದಿದ್ದೆ. ಬೀಗರು ಮನೆಗೆ ಬಂದ ದಿನ ಅವ್ವ ಠೀವಿಯಿಂದ ಟಿವಿ ಹಾಕಿದರೆ, ಅಕ್ಕನ ಜಾಗದಲ್ಲಿ ರಕ್ತ ಮೆತ್ತಿದ ಬಿಳಿ ಗೌನಿನ ವಿದೇಶಿ ವಧು. ಬೀಗಿತ್ತಿ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು. ಈಗ ಮನೆ ವಿಡಿಯೊಗೆಲ್ಲಾ ಬೇರೆ ಫೋಲ್ಡರ್, ನೆಟ್‌ನಲ್ಲಿ ಹುಡುಕೋದು ಬಂದ್, ಮೇಲೆ ಅಕ್ಕನದೇ ಫೋಟೊ.

ನಡುವೆ ಮೂರು ಸಲ ಕರೆಂಟ್ ಹೋಗಿ ಮೆಮೊರಿ ಕಾರ್ಡ್ ಸತ್ತಿತು, ಹೊಸದು ತಂದೆ, ಬಿಡಿ. ಪೈಯನ್ನು ಟಿವಿಗೆ ಜೋಡಿಸೋ ಎಚ್‌ಡಿಎಂಐ ವೈರಿನಲ್ಲೇ ಸಿಇಸಿ ಅಂತ ಒಂದು ಸೌಲಭ್ಯ ಇದೆ, ಟಿವಿಯ ರಿಮೋಟೇ ಇದಕ್ಕೂ ಆಗುತ್ತೆ. ಅದನ್ನು ಆನ್ ಮಾಡಿದ ಮೇಲೆ ಮೂರು ರಿಮೋಟ್ ಹೋಗಿ ಒಂದಾಯಿತು. ಅವ್ವ ಅದಕ್ಕೆ ಪ್ಲಾಸ್ಟಿಕ್ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಹಾಕಿದಳು. ಬೇಡದ ಗುಂಡಿಗಳೆಲ್ಲಾ ಸರಿಯಾಗಿ ಆ ರಬ್ಬರ್ ಬ್ಯಾಂಡಿನ ಕೆಳಗೇ ಇವೆ. ನಾನು ವಾರಗಟ್ಟಲೆ ಒದ್ದಾಡಿದ್ದನ್ನು ಎರಡು ನಿಮಿಷದಲ್ಲಿ ಮುಗಿಸಿದಳಲ್ವಾ!

ಈಗ ದಿನಾ ಮಧ್ಯಾಹ್ನ ಮದುವೆ ವಿಡಿಯೊ. ನಿನ್ನೆ 42ನೇ ನಿಮಿಷದಲ್ಲಿ ಬಿಟ್ಟಿದ್ದೀರಿ, ಅಲ್ಲಿಂದ ನೋಡ್ತೀರಾ ಅಂತ ಅದು ಕೇಳುತ್ತೆ. ಅವ್ವ ಪ್ರತಿಸಲ ಮೊದಲಿಂದಲೇ ಹಾಕುತ್ತಾಳೆ, ಅರಿಶಿನ ಹಚ್ಚೋಷ್ಟರಲ್ಲಿ ಗೊರಕೆ.