ಪಿಆರ್ ಬಂದ ಮನೆ

ಧಾರವಾಡದಲ್ಲಿ ಮೊದಲೆಲ್ಲ ಹೆಣ್ಣು ಕೊಡುವವರು ಗೋತ್ರ ಯಾವುದು, ಎರೆ ಹೊಲ ಎಷ್ಟು ಎಕರೆ, ಸ್ವಂತ ಮನೆ ಇದೆಯೇ ಎಂದು ಕೇಳುತ್ತಿದ್ದರು. ಈಗ ಒಂದೇ ಪ್ರಶ್ನೆ: "ಹುಡುಗನಿಗೆ ಪಿಆರ್ ಆಗಿದೆಯೇ?" ಪಿಆರ್ ಎಂದರೆ ಪರದೇಶದಲ್ಲಿ ಕಾಯಂ ನೆಲೆಸಲು ಸಿಗುವ ಅನುಮತಿ. ಅದು ಆಗಿದೆ ಎಂದರೆ ಕುಜದೋಷವೂ ತಾನಾಗಿಯೇ ನಿವಾರಣೆಯಾಗುತ್ತದೆ. ಇನ್ನೂ ವರ್ಕ್ ಪರ್ಮಿಟ್ ಮೇಲಿದ್ದಾನೆ ಎಂದರೆ, ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, "ಜಾತಕ ತೋರಿಸಿ ತಿಳಿಸುತ್ತೇವೆ" ಎಂದು ಚಪ್ಪಲಿ ಮೆಟ್ಟುತ್ತಾರೆ.

ಅಮೆರಿಕದ ಪಿಆರ್ ಆದ ಗ್ರೀನ್ ಕಾರ್ಡಿನ ಮಾತನ್ನು ಈಗ ತಿಳಿದವರು ಎತ್ತುವುದಿಲ್ಲ. ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಶೇ. 7ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ನಿಯಮದಿಂದಾಗಿ ನಮ್ಮವರ ಸರದಿ ದಶಕಗಟ್ಟಲೆ ಬೆಳೆದು ನಿಂತಿದೆ. ನ್ಯಾಯಮಂಡಳಿ 2018ರಲ್ಲಿ ಹಂಚಿಕೊಟ್ಟ ಮಹದಾಯಿ ನೀರು ಮಲಪ್ರಭೆಗೆ ಮೊದಲು ಬರುತ್ತದೆಯೋ, ಸಾಫ್ಟ್‌ವೇರ್ ಹುಡುಗನ ಗ್ರೀನ್ ಕಾರ್ಡ್ ಮೊದಲು ಬರುತ್ತದೆಯೋ ಎಂದು ನರಗುಂದದವರು ಬೇಕಾದರೆ ಪಣ ಕಟ್ಟಬಹುದು. ಹಾಗಾಗಿ ನಮ್ಮೂರಿನ ಕಣ್ಣೆಲ್ಲ ಕೆನಡಾದ ಮೇಲೆ.

ಅಲ್ಲಿ ಪಿಆರ್ ಕೊಡುವುದು ಅಂಕಪಟ್ಟಿ ನೋಡಿ. ಒಟ್ಟು 1200 ಅಂಕ. ವಯಸ್ಸು 20ರಿಂದ 29ರೊಳಗಿದ್ದರೆ ಪೂರ್ತಿ ಅಂಕ, 30 ದಾಟಿದೊಡನೆ ಇಳಿಕೆ, 45ಕ್ಕೆ ಸೊನ್ನೆ. ಮದುವೆಯ ಮಾರುಕಟ್ಟೆ ಕೂಡ ಇಷ್ಟು ನಿರ್ದಯವಲ್ಲ, ಅಲ್ಲಿ ಜೋಯಿಸರಾದರೂ ಒಂದೆರಡು ವರ್ಷ ಕಡಿಮೆ ಬರೆದುಕೊಡುತ್ತಾರೆ. ಇಂಗ್ಲಿಷಿಗೆ ಅಂಕ, ಫ್ರೆಂಚ್ ಬಂದರೆ ಮೇಲೆ ಇನ್ನಷ್ಟು ಅಂಕ. 1890ರಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿಕೊಂಡು ಕನ್ನಡಕ್ಕಾಗಿ ಹೋರಾಡಿದ ಊರಿನವನ ಕನ್ನಡಕ್ಕೆ ಒಂದು ಅಂಕವೂ ಇಲ್ಲ. ಅಳಿಯನಾಗಬೇಕಾದವನು ಪತ್ರಿಕೆಯ ತಲೆಬರಹವನ್ನು ತಡವರಿಸಿ ಓದಿದರೂ ಚಿಂತೆಯಿಲ್ಲ, ಫ್ರೆಂಚ್ ಕ್ರಿಯಾಪದಗಳನ್ನು ಬಾಯಿಪಾಠ ಒಪ್ಪಿಸಿದರೆ ಸಾಕು.

ನಮ್ಮ ಬಡಾವಣೆಯ ನಿವೃತ್ತ ಹೆಡ್ ಮಾಸ್ತರರ ಮಗನಿಗೆ ಇತ್ತೀಚೆಗೆ ಈ ಭಾಗ್ಯ ಬಂತು. ಹುಡುಗ ಇರುವುದು ಕ್ಯಾಲ್ಗರಿಯಲ್ಲಿ. ಅಂದಿನಿಂದ ಮಾಸ್ತರರು ಸಂಜೆ ಕಟ್ಟೆಯ ಮೇಲೆ ಕುಳಿತು ಪಿಆರ್ ಪ್ರಯೋಜನಗಳ ಪುರಾಣ ಹೇಳುತ್ತಾರೆ, ನಾವು ಗಿರ್ಮಿಟ್ ತಿನ್ನುತ್ತ ಶ್ರವಣ ಮಾಡುತ್ತೇವೆ.

"ಮೊಮ್ಮಗ ಸರ್ಕಾರಿ ಶಾಲೆಗೆ ಹೋಗುತ್ತಾನೆ. ಒಂದು ಪೈಸೆ ಶುಲ್ಕವಿಲ್ಲ!" ಎಂದು ಮೊನ್ನೆ ಅವರು ಘೋಷಿಸಿದಾಗ ಕಟ್ಟೆಯೆಲ್ಲ ತಲೆದೂಗಿತು. ಇದೇ ಮಾಸ್ತರರು ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು. ಮಗನನ್ನು ಮಾತ್ರ ಸಾಲ ಮಾಡಿ ಕಾನ್ವೆಂಟಿಗೆ ಹಾಕಿದ್ದರು, ತಮ್ಮ ಶಾಲೆಯ ಅಂಗಳವನ್ನು ಅವನು ತುಳಿದದ್ದು ಚುನಾವಣೆಯ ದಿನ, ಮತ ಹಾಕುವುದಕ್ಕೆ. ಧಾರವಾಡದಲ್ಲಿ ಸರ್ಕಾರಿ ಶಾಲೆ ಎಂದರೆ ಮನೆತನದ ಮಾನದ ಪ್ರಶ್ನೆ. ಅದೇ ಶಾಲೆ ವಿಮಾನದಲ್ಲಿ ಇಪ್ಪತ್ತು ತಾಸು ದೂರವಿದ್ದರೆ ಪ್ರಗತಿಯ ಲಕ್ಷಣ.

ಬಸ್ಸಿನ ಕಥೆಯೂ ಅಷ್ಟೇ. ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಬರೋಣ ಎಂದರೆ "ಯಾರು ಹತ್ತುತ್ತಾರೆ ಆ ಗದ್ದಲದಲ್ಲಿ" ಎಂದು ಕಾರಿನ ಕೀಲಿ ಹುಡುಕುವವರು, ಮಗ ಕೊರೆಯುವ ಚಳಿಯಲ್ಲಿ ನಗರ ರೈಲಿಗೆ ಕಾಯುವುದನ್ನು ಶಿಸ್ತು ಎಂದು ವರ್ಣಿಸುತ್ತಾರೆ. ಆಸ್ಪತ್ರೆಯಲ್ಲಿ ಬಿಲ್ಲು ಕೊಡುವುದಿಲ್ಲವಂತೆ, ಆರೋಗ್ಯ ಕಾರ್ಡ್ ತೋರಿಸಿದರೆ ಮುಗಿಯಿತಂತೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಸರದಿಗಾಗಿ ತಾಸುಗಟ್ಟಲೆ ಕೂರಬೇಕಾದೀತು, ಆದರೆ ಆ ಕಾಯುವಿಕೆಯಲ್ಲೂ ಒಂದು ಸಮಾನತೆ ಇದೆಯಂತೆ. ನಮ್ಮ ಜಿಲ್ಲಾಸ್ಪತ್ರೆಯ ಬೆಂಚಿನ ಮೇಲೆ ಅವರಿಗೆ ಆ ಸಮಾನತೆ ಕಂಡದ್ದಿಲ್ಲ. ಹಲ್ಲಿನ ಖರ್ಚು ಮಾತ್ರ ಸಾಮಾನ್ಯವಾಗಿ ಆ ಕಾರ್ಡಿನಲ್ಲಿ ಬರುವುದಿಲ್ಲ. ಹಾಗಾಗಿ ಮಗನ ಮೈಯೆಲ್ಲ ಕೆನಡಾಕ್ಕೆ ಸೇರಿದ್ದರೂ ಹಲ್ಲು ಇನ್ನೂ ಸತ್ತೂರಿನ ದಂತ ಕಾಲೇಜಿಗೆ ನಿಷ್ಠವಾಗಿದೆ.

ಹಿಮದ ವಿಷಯ ಬಂದಾಗ ಮಾಸ್ತರರ ದನಿ ಏರುತ್ತದೆ. ಕ್ಯಾಲ್ಗರಿಯಲ್ಲಿ ಹಿಮ ಬೀಳುವುದು ನಿಂತ 24 ತಾಸಿನೊಳಗೆ ಮನೆಯ ಮುಂದಿನ ಪಾದಚಾರಿ ಮಾರ್ಗವನ್ನು ಮನೆಯವರೇ ಸ್ವಚ್ಛಗೊಳಿಸಬೇಕು, ಇಲ್ಲದಿದ್ದರೆ ನಗರಸಭೆ ತಾನೇ ತೆಗೆಸಿ ಖರ್ಚು ವಸೂಲಿ ಮಾಡುತ್ತದೆ. ಕಿವಿಗೆ ಟೋಪಿ ಎಳೆದುಕೊಂಡು ಸಲಿಕೆ ಹಿಡಿದು ನಿಂತ ಮಗನ ಫೋಟೊ ಅವರ ಮೊಬೈಲಿನಲ್ಲಿದೆ, ನಮಗೆಲ್ಲ ದೊಡ್ಡದು ಮಾಡಿ ತೋರಿಸಿದ್ದಾರೆ. ಈ ಹುಡುಗ ಇಲ್ಲಿದ್ದಾಗ ಕುಡಿದ ಲೋಟ ಎತ್ತಿಟ್ಟವನಲ್ಲ. ಫೋಟೊ ತೋರಿಸುವ ಹೊತ್ತಿನಲ್ಲಿ ಮಾಸ್ತರರ ಸ್ವಂತ ಗೇಟಿನ ಎದುರು ಕಾಂಗ್ರೆಸ್ ಕಸ ಸೊಂಟದವರೆಗೆ ಬೆಳೆದು ಹೂಬಿಟ್ಟಿತ್ತು. ಕೀಳಬಾರದೇ ಎಂದರೆ, "ಅದು ಪಾಲಿಕೆಯ ಕೆಲಸ."

ಇನ್ನು ತೆರಿಗೆ. ಅಲ್ಲಿನ ನಿವಾಸಿಯಾದವನು ಜಗತ್ತಿನ ಎಲ್ಲಿಂದ ಬಂದ ಆದಾಯವನ್ನೂ ಅಲ್ಲಿನ ಸರ್ಕಾರಕ್ಕೆ ತಿಳಿಸಬೇಕು. ಮಗನ ಹೆಸರಿನಲ್ಲಿರುವ ಇಲ್ಲಿನ ಮನೆಯ ಬಾಡಿಗೆಯನ್ನು ಮಾಸ್ತರರು ಇಷ್ಟು ಕಾಲ ರಸೀದಿಯಿಲ್ಲದೆ ಕೈಯಲ್ಲೇ ಪಡೆಯುತ್ತಿದ್ದರು. ನಮ್ಮ ಆದಾಯ ತೆರಿಗೆ ಇಲಾಖೆಗೆ ಗೊತ್ತಾಗದ ಆ ಮೊತ್ತ ಈಗ ಅಟ್ಲಾಂಟಿಕ್ ದಾಟಿ ತಾನಾಗಿಯೇ ಶರಣಾಗುತ್ತದೆ. ಪ್ರಾಮಾಣಿಕತೆಗೂ ವೀಸಾ ಬೇಕಾಗುತ್ತದೆ ಎಂದು ಈಗ ತಿಳಿಯಿತು.

ಪುರಾಣದಲ್ಲಿ ಬಾರದ ಅಧ್ಯಾಯವೊಂದಿದೆ. ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ, ಪೌರತ್ವ ಬೇಕಾದರೆ 1095 ದಿನ ಅಲ್ಲಿ ಇರಲೇಬೇಕು. ಹುಡುಗ ಎಕ್ಸೆಲ್ ಹಾಳೆಯಲ್ಲಿ ದಿನ ಎಣಿಸುತ್ತಾನೆ. ಅಜ್ಜಿಯ ವೈಕುಂಠ ಸಮಾರಾಧನೆಗೆ ಬಂದವನು ಎಷ್ಟು ದಿನ ಕಳೆದುಕೊಂಡೆ ಎಂದು ಲೆಕ್ಕ ಹಾಕಿದ್ದನ್ನು ಊಟದ ಪಂಕ್ತಿಯಲ್ಲಿ ನಾನೇ ಕೇಳಿದ್ದೇನೆ. ಇತ್ತ ತಂದೆ ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆ ಎಂದು ಪಿಂಚಣಿಗಾಗಿ ಪ್ರಮಾಣಪತ್ರ ಕೊಡಬೇಕು. ಮಗ ಅಲ್ಲಿದ್ದಾನೆ ಎಂಬುದಕ್ಕೆ ಪುರಾವೆ, ಅಪ್ಪ ಇದ್ದಾರೆ ಎಂಬುದಕ್ಕೆ ಪುರಾವೆ: ಇಷ್ಟು ದಾಖಲೆಬದ್ಧ ಕುಟುಂಬ ನಮ್ಮ ಬಡಾವಣೆಯಲ್ಲಿ ಮತ್ತೊಂದಿಲ್ಲ.

ಇಂಥ ಮನೆತನವನ್ನು ಸುಮ್ಮನೆ ಬಿಡಲಾದೀತೇ? ಬಡಾವಣೆಯ ಸಂಘದಿಂದ ಸನ್ಮಾನ ಏರ್ಪಾಡಾಯಿತು. ಹುಡುಗ ಇಲ್ಲದ ಕಾರಣ ಶಾಲು, ಹಾರ, ಪೇಟ ಎಲ್ಲವನ್ನೂ ಅಪ್ಪನೇ ಸ್ವೀಕರಿಸಿದರು. ಫ್ಲೆಕ್ಸಿನಲ್ಲಿ ಹುಡುಗನ ಪಕ್ಕ ಮೇಪಲ್ ಎಲೆ, ಸುತ್ತ ಶುಭ ಕೋರುವ ಹದಿನೈದು ಮುಖ. ಮುಖ್ಯ ಅತಿಥಿಯಾಗಿ ಬಂದ ಜನಪ್ರತಿನಿಧಿಯ ಕಾರು ನಮ್ಮ ರಸ್ತೆಯ ಗುಂಡಿಯಲ್ಲಿ ಇಳಿದು ಎದ್ದಿತು. ಭಾಷಣದಲ್ಲಿ ಅವರು ಭಾವುಕರಾಗಿ, "ಕೆನಡಾದ ನಿವಾಸಿ ಊರಿಗೆ ಬರುವಾಗ ಇಂಥ ರಸ್ತೆ ನೋಡಿದರೆ ನಮ್ಮ ಮರ್ಯಾದೆ ಏನಾದೀತು? ಅವರು ಬರುವ ಮುನ್ನ ಕಾಂಕ್ರೀಟ್ ಹಾಕಿಸುತ್ತೇನೆ" ಎಂದರು. ಧಾರವಾಡದ ನಿವಾಸಿಗಳಾದ ನಾವು ವರ್ಷಗಟ್ಟಲೆ ಕೊಟ್ಟ ಮನವಿಗಳಿಗೆ ಸಿಗದ ಭರವಸೆ ಅದು. ಚಪ್ಪಾಳೆ ಜೋರಾಗಿಯೇ ಬಿತ್ತು.

ಅಂದಿನಿಂದ ಬಡಾವಣೆಯವರೆಲ್ಲ ಸರದಿಯ ಮೇಲೆ ಕ್ಯಾಲ್ಗರಿಗೆ ಫೋನ್ ಮಾಡಿ, ಒಂದು ವಾರದ ಮಟ್ಟಿಗಾದರೂ ಬಂದು ಹೋಗಪ್ಪಾ ಎಂದು ಬೇಡಿಕೊಳ್ಳುತ್ತಿದ್ದೇವೆ. ಪೌರತ್ವದ ಅರ್ಜಿ ಹಾಕುವವರೆಗೆ ದಿನ ಹಾಳು ಮಾಡುವಂತಿಲ್ಲ ಎಂದು ಅವನು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾನೆ. ಸಂಘದ ಕಾರ್ಯದರ್ಶಿಗಳು ಈಗ ಹಿಂದಿನ ಬೀದಿಯಲ್ಲಿ ವಿಚಾರಿಸುತ್ತಿದ್ದಾರೆ, ಅಲ್ಲೊಬ್ಬರ ಮಗಳಿಗೆ ಆಸ್ಟ್ರೇಲಿಯಾದ್ದು ಆಗುವ ಹಂತದಲ್ಲಿದೆಯಂತೆ. ಆಕೆ ದೀಪಾವಳಿಗೆ ಬರುವುದು ಖಚಿತವಾದರೆ ಫ್ಲೆಕ್ಸಿನಲ್ಲಿ ಎಲೆ ತೆಗೆದು ಕಾಂಗರೂ ಹಾಕಿಸುವುದು ಎಷ್ಟರ ಕೆಲಸ.