ಶಟರ್‌ನ ಈಚೆ ಕೂತವರು

ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡುವ ರೈಲಿನಲ್ಲೇ ಕೂತು ‘ಸ್ನೋಪಿಯರ್ಸರ್’ ಕಾಮಿಕ್ಸ್ ಓದಿ ಮುಗಿಸಿದೆ. ರೈಲಿನ ಕತೆಯನ್ನು ರೈಲಿನಲ್ಲಿ ಓದಬಾರದಿತ್ತೋ ಏನೋ. ಒಂದು ವಾರದಿಂದ ಅದೇ ತಲೆಯಲ್ಲಿ ಓಡುತ್ತಿದೆ. ಬರೆದೇ ಬಿಡೋಣ ಅನ್ನಿಸಿತು.

ಇದು ಫ್ರೆಂಚ್ ಕಾಮಿಕ್ಸ್. ಕತೆ ಜಾಕ್ ಲೋಬ್ ಅವರದು, ಚಿತ್ರ ಜಾನ್-ಮಾರ್ಕ್ ರೋಷೆಟ್ ಅವರದು. 1982ರಲ್ಲಿ ಪತ್ರಿಕೆಯೊಂದರಲ್ಲಿ ಕಂತುಗಳಾಗಿ ಶುರುವಾಗಿ, 1984ರಲ್ಲಿ ಪುಸ್ತಕವಾಯಿತು. ಭೂಮಿಯೆಲ್ಲ ಹಿಮ. ಬದುಕಿ ಉಳಿದವರೆಲ್ಲ ಒಂದೇ ರೈಲಿನಲ್ಲಿ. 1001 ಬೋಗಿ, ಎಲ್ಲೂ ನಿಲ್ಲುವ ಹಾಗಿಲ್ಲ. ಮುಂದಿನ ಬೋಗಿಗಳಲ್ಲಿ ಉಳ್ಳವರು, ಬಾಲದಲ್ಲಿ ಏನೂ ಇಲ್ಲದವರು. ಬಾಲದಿಂದ ಪ್ರೋಲೋಫ್ ಅನ್ನುವವನೊಬ್ಬ ತಪ್ಪಿಸಿಕೊಳ್ಳುತ್ತಾನೆ. ಒಳಗಿನ ಬಾಗಿಲುಗಳು ಬಂದ್. ಹಾಗಾಗಿ ಆ ಕೊರೆಯುವ ಚಳಿಯಲ್ಲಿ ರೈಲಿನ ಹೊರಗಡೆಯಿಂದ ಬಂದು ಮುಂದಿನ ಬೋಗಿಗೆ ನುಗ್ಗುತ್ತಾನೆ, ಸಿಕ್ಕಿಬೀಳುತ್ತಾನೆ.

ಬಡವರು-ಶ್ರೀಮಂತರ ಕತೆ ಅಂತ ಎಲ್ಲರೂ ಹೇಳುತ್ತಾರೆ. ತಪ್ಪೇನಿಲ್ಲ. 2013ರಲ್ಲಿ ಬಾಂಗ್ ಜೂನ್-ಹೋ ಮಾಡಿದ ಸಿನಿಮಾದಲ್ಲಿ ಬಾಲದವರೆಲ್ಲ ಗುಂಪುಕಟ್ಟಿ ಮುಂದಕ್ಕೆ ನುಗ್ಗುತ್ತಾರೆ. ಪುಸ್ತಕದಲ್ಲಿ ಆ ಗುಂಪು ಇಲ್ಲ. ಒಬ್ಬನೇ ಬರುತ್ತಾನೆ, ಅವನನ್ನೂ ಕಾವಲಿನವರು ಬೋಗಿಯಿಂದ ಬೋಗಿಗೆ ಕರೆದುಕೊಂಡು ಹೋಗುತ್ತಾರೆ. ಬಾಲದ ನರಕ ಹೇಗಿತ್ತು ಅನ್ನುವುದು ನಮಗೆ ಬಹುಪಾಲು ಅವನ ಮಾತಿನಲ್ಲೇ ತಿಳಿಯುತ್ತದೆ. ಕಪ್ಪು-ಬಿಳುಪಿನ ಪುಟಗಳಲ್ಲಿ ಕಣ್ಣಿಗೆ ಕಾಣುವುದು ಮಧ್ಯದ, ಮುಂದಿನ ಬೋಗಿಗಳು. ಅಂದರೆ ಓದುವ ನನ್ನನ್ನು ಲೋಬ್ ಎಲ್ಲಿ ಕೂರಿಸಿದ್ದಾರೆ? ಮಧ್ಯದಲ್ಲಿ. ಹಿಂದೆ ಏನೋ ಆಗುತ್ತಿದೆಯಂತೆ ಅಂತ ಕೇಳಿಸಿಕೊಳ್ಳುವವರ ಪಕ್ಕದ ಸೀಟಿನಲ್ಲಿ. ನನ್ನ ಪ್ರಕಾರ ಈ ಪುಸ್ತಕ ಬರೆದಿರುವುದೇ ಮಧ್ಯದ ಬೋಗಿಯವರ ಬಗ್ಗೆ.

ಇದನ್ನು ಓದುವಾಗ ನನಗೆ ನೆನಪಾಗಿದ್ದು ಎರಡು ವರ್ಷದ ಹಿಂದಿನ ಒಂದು ಬೆಳಗ್ಗೆ. ಅವತ್ತು ರಿಸರ್ವೇಷನ್ ಬೋಗಿಯಲ್ಲಿದ್ದೆ. ಪಾಂಡವಪುರದಲ್ಲಿ ರೈಲು ನಿಂತಿದ್ದು ಒಂದೇ ನಿಮಿಷ. ವಯಸ್ಸಾದ ಅಮ್ಮ ಒಬ್ಬರು ಸೊಪ್ಪಿನ ಮೂಟೆ ಎಳೆದುಕೊಂಡು ಕೈಗೆ ಸಿಕ್ಕ ಬೋಗಿ ಹತ್ತಿಬಿಟ್ಟರು. ನೆನೆಸಿದ ಗೋಣಿಚೀಲ, ನೀರು ತೊಟ್ಟಿಕ್ಕುತ್ತಿತ್ತು. ಬಾಯಿಗೆ ಕಟ್ಟಿದ ಹಗ್ಗದ ಸಂದಿಯಿಂದ ದಂಟಿನ ಕೆಂಪು ಎಲೆ ಆಚೆ ಬಂದಿತ್ತು. “ಇದು ರಿಸರ್ವೇಷನ್ನಮ್ಮ, ಹಿಂದಕ್ಕೆ ಹೋಗಿ” ಅಂದರು ಒಬ್ಬರು. ಎಲ್ಲಿಗೆ ಹೋಗುವುದು? ಹಿಂದಿನ ಜನರಲ್ ಬೋಗಿಗೂ ನಮ್ಮ ಬೋಗಿಗೂ ನಡುವಿನ ಶಟರ್ ಎಳೆದಿತ್ತು. ಆಕೆ ಟಾಯ್ಲೆಟ್ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತು, ಯಾರೂ ಕೇಳದೇ ಇದ್ದರೂ ಹೇಳಿದರು: “ನಾನೇನೂ ಮುಟ್ಟಾಕಿಲ್ಲ ಕಣವ್ವ, ಇಲ್ಲೇ ನಿಂತ್ಕತೀನಿ.”

ಮುಟ್ಟುವುದಿಲ್ಲ ಅಂದರು. ಸೀಟು ಕೇಳಲಿಲ್ಲ. ಶ್ರೀರಂಗಪಟ್ಟಣ ಬಂತು, ಕಾವೇರಿ ದಾಟಿತು, ನಾಗನಹಳ್ಳಿಯೂ ಆಯಿತು. ಮೈಸೂರಿನ ತನಕ ಆಕೆ ನಿಂತೇ ಇದ್ದರು. ನಾನು ಕೂತೇ ಇದ್ದೆ. ಬ್ಯಾಗನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ, ನೀರು ತಾಗಬಾರದು ಅಂತ.

ಪ್ರೋಲೋಫ್‌ನನ್ನು ಹಿಡಿದ ಮೇಲೆ ಅವರು ಮಾಡುವುದೂ ಇದನ್ನೇ. ಅವನ ಮೈಯಲ್ಲಿ ರೋಗ ಇರಬಹುದು ಅಂತ ಪ್ರತ್ಯೇಕವಾಗಿ ಕೂಡಿಹಾಕುತ್ತಾರೆ. ಅಡೆಲಿನ್ ಅನ್ನುವ ಹೆಣ್ಣುಮಗಳು ಅವನನ್ನು ಕಾಣಲು ಬರುತ್ತಾಳೆ. ಬಾಲದವರಿಗೆ ನೆರವಾಗಬೇಕು ಅನ್ನುವ ಗುಂಪಿನವಳು, ಮಧ್ಯದ ಬೋಗಿಯವಳು. ಅವನ ಹತ್ತಿರ ಹೋದಳು ಅನ್ನುವ ಒಂದೇ ಕಾರಣಕ್ಕೆ ಅವಳನ್ನೂ ಕೂಡಿಹಾಕುತ್ತಾರೆ. ಫ್ರಾನ್ಸಿನವರು ಇದನ್ನು ವರ್ಗದ ಕತೆ ಅಂತ ಓದಬಹುದು. ನಮ್ಮ ಊರಿನಲ್ಲಿ ಬೆಳೆದವರಿಗೆ ಈ ಪುಟ ತಿರುಗಿಸಿದ ತಕ್ಷಣ ಹೊಳೆಯುವ ಪದ ಬೇರೆಯೇ ಇದೆ. ಮೈಲಿಗೆ. ಮುಟ್ಟಿದವರೂ ಮೈಲಿಗೆ, ಮುಟ್ಟಿದವರನ್ನು ಮುಟ್ಟಿದವರೂ ಮೈಲಿಗೆ. ಲೋಬ್‌ಗೆ ನಮ್ಮ ಜಾತಿ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಬೇರೆ ಮಾಡುವ ಬುದ್ಧಿ ಎಲ್ಲೇ ಹುಟ್ಟಿದರೂ ಕೊನೆಗೆ ಮೈ ಹತ್ತಿರಕ್ಕೇ ಬಂದು ನಿಲ್ಲುತ್ತದೆ ಅಲ್ವಾ?

ಇನ್ನೊಂದು ಸಂಕೇತ ಎಂಜಿನ್. ರೈಲಿನ ಜನ ಎಂಜಿನ್ನನ್ನೇ ದೇವರು ಮಾಡಿಕೊಂಡಿದ್ದಾರೆ. ಸಂತ ಲೋಕೋ ಅಂತ ಅದಕ್ಕೆ ಪ್ರಾರ್ಥನೆ. ಗೆಳೆಯನೊಬ್ಬ ಇದನ್ನು ಓದಿ “ನಮ್ಮ ಆಯುಧಪೂಜೆ ಥರಾನೇ” ಅಂದ. ನಾನು ಒಪ್ಪಲಿಲ್ಲ. ನಮ್ಮಪ್ಪ ಆಯುಧಪೂಜೆಯ ದಿನ ಪಂಪ್‌ಸೆಟ್ಟಿನ ಮೋಟಾರು ಒರೆಸಿ, ಎಣ್ಣೆ ಬಿಟ್ಟು, ಬೂದುಗುಂಬಳ ಒಡೆಯುತ್ತಿದ್ದರು. ವರ್ಷಪೂರ್ತಿ ಆ ಮೋಟಾರು ಬಿಚ್ಚಿ ಕಟ್ಟಿದ ಕೈ ಅದು. ಈ ರೈಲಿನವರು ಪೂಜಿಸುವುದು ತಾವು ಕಂಡೇ ಇಲ್ಲದ ಯಂತ್ರವನ್ನು. ಅದರ ವೇಗ ಕಡಿಮೆಯಾಗುತ್ತಿದೆ, ಭಾರ ಇಳಿಸಲು ಬಾಲದ ಬೋಗಿಗಳನ್ನು ಕಳಚಿಬಿಡಬೇಕು ಅಂತ ಮುಂದಿನವರು ಯೋಚಿಸುತ್ತಿರುತ್ತಾರೆ. ಇವರು ಪ್ರಾರ್ಥನೆಯಲ್ಲಿ ಇರುತ್ತಾರೆ. ಕೇಳಬೇಕಾದ ಪ್ರಶ್ನೆ ಕೇಳದೇ ಇರಲು ಆ ಪೂಜೆ.

ಮೈಸೂರಿನ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಹೋದವರು 1899ರ ಮಹಾರಾಣಿ ಸಲೂನ್ ನೋಡಿರುತ್ತೀರಿ. ಚೆಂದದ ಬೋಗಿ, ನನಗೂ ಇಷ್ಟ. ಅದರ ಮುಂದೆ ನಾನೂ ಫೋಟೊ ತೆಗೆಸಿಕೊಂಡಿದ್ದೇನೆ. ಆ ಕಾಲದಲ್ಲಿ ಮೂರನೇ ದರ್ಜೆಯಲ್ಲಿ ಹೋದವರು ಎಲ್ಲಿ ಮಲಗಿದರು, ಏನು ಉಂಡರು ಅಂತ ಈ ಪುಸ್ತಕ ಓದುವ ತನಕ ಒಂದು ಸಲವೂ ಯೋಚಿಸಿರಲಿಲ್ಲ.

ಪುಸ್ತಕದ ಕೊನೆ ಮಾತ್ರ ನನಗೆ ಇನ್ನೂ ನುಂಗಲು ಆಗಿಲ್ಲ. ಓದದೇ ಇರುವವರು ಈ ಪ್ಯಾರಾ ಬಿಟ್ಟುಬಿಡಿ. ಕೊನೆಗೆ ರೋಗ ನಿಜವಾಗಿಯೂ ರೈಲಿನ ತುಂಬ ಹಬ್ಬುತ್ತದೆ. ಪ್ರೋಲೋಫ್ ಜೊತೆಗೇ ಅದೂ ಬಂದಿರುತ್ತದೆ. ಜನ ಸಾಯುತ್ತಾರೆ, ಅವನೊಬ್ಬ ಎಂಜಿನ್ ಹತ್ತಿರ ಉಳಿಯುತ್ತಾನೆ. ಬಾಲದವರನ್ನು ಕೊಳೆಯಲು ಬಿಟ್ಟಿದ್ದರ ಫಲ ಇದು, ಬಾಗಿಲು ಹಾಕಿದರೆ ರೋಗ ನಿಲ್ಲುವುದಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಬಹಳ ಜನ ಹಾಗೇ ಓದುತ್ತಾರೆ. ಆದರೆ ಬಡವನ ಮೈಯಲ್ಲೇ ರೋಗ ಇಟ್ಟರೆ, ಹೆದರಿ ಬಾಗಿಲು ಹಾಕಿಕೊಂಡವರ ಮಾತೇ ನಿಜವಾದ ಹಾಗೆ ಆಗುವುದಿಲ್ಲವಾ? “ನಾನೇನೂ ಮುಟ್ಟಾಕಿಲ್ಲ” ಅಂದ ಆ ಅಮ್ಮನಿಗೆ ಈ ಕೊನೆಯನ್ನು ಓದಿ ಹೇಳುವ ಧೈರ್ಯ ನನಗಿಲ್ಲ. ಲೋಬ್ ಬಗ್ಗೆ ಇಷ್ಟೊಂದು ಗೌರವ ಇದ್ದೂ ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿದೆ.

ಇಂಗ್ಲಿಷ್ ಪ್ರತಿ ನನ್ನ ಹತ್ತಿರ ಇದೆ. ಮಂಡ್ಯ, ಮೈಸೂರಿನ ಕಡೆಯವರು ಕೇಳಿದರೆ ಸಂತೋಷದಿಂದ ಕೊಡುತ್ತೇನೆ. ಓದಿದ ಮೇಲೆ ಅಡೆಲಿನ್ ಬಗ್ಗೆ ಮಾತಾಡಬೇಕು ನನಗೆ. ಅವಳು ಎದ್ದು ಹೋದಳಲ್ಲ, ಅದರ ಬಗ್ಗೆ.