161ನೇ ರ‍್ಯಾಂಕಿನ ಆಟಗಾರ ನಂಬರ್ ಒನ್‌ಗೆ ಏನು ಕಲಿಸಬಲ್ಲ?

ಸಿಮೊನೆ ವಾನ್ಯೊಜ್ಜಿ ಇಟಲಿಯ ಆಸ್ಕೊಲಿ ಪಿಚೆನೊದವರು, ಹುಟ್ಟಿದ್ದು 1983ರಲ್ಲಿ. ವೃತ್ತಿಪರ ಟೆನಿಸ್ ಆಟಗಾರರಾಗಿ ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತಿ ಎತ್ತರದ ರ‍್ಯಾಂಕಿಂಗ್ 161. ಅಷ್ಟೇ ಆಗಿದ್ದರೆ ಅವರ ಹೆಸರು ಇಲ್ಲಿ ಬರುತ್ತಿರಲಿಲ್ಲ. 2022ರ ಫೆಬ್ರುವರಿಯಲ್ಲಿ ಇಟಲಿಯದೇ ಆಟಗಾರ ಯಾನಿಕ್ ಸಿನ್ನರ್ ವಾನ್ಯೊಜ್ಜಿಯವರನ್ನು ಕೋಚ್ ಆಗಿ ತೆಗೆದುಕೊಂಡರು. 2024ರ ಜೂನ್ 10ರಂದು ಸಿನ್ನರ್ ವಿಶ್ವದ ನಂಬರ್ ಒನ್ ಆದರು. ಇಟಲಿಯ ಪುರುಷ ಆಟಗಾರರಲ್ಲಿ ಆ ಜಾಗಕ್ಕೆ ಏರಿದವರು ಅವರೇ ಮೊದಲಿಗರು. ಅಂದಿನಿಂದ ಟೆನಿಸ್ ನೋಡುವವರ ನಡುವೆ ಒಂದು ಜಗಳ ನಡೆದೇ ಇದೆ. ತಾನು ದೊಡ್ಡ ಆಟಗಾರನಾಗದೆ ಉಳಿದದ್ದೇ ವಾನ್ಯೊಜ್ಜಿಯವರನ್ನು ಒಳ್ಳೆಯ ಕೋಚ್ ಮಾಡಿತೇ?

ಪರ: ಕ್ವಾಲಿಫೈಯಿಂಗ್ ಅಂಗಣದ ಪಾಠ

161 ಅಂದರೆ ಏನೆಂದು ಮೊದಲು ತಿಳಿಯಬೇಕು. ಗ್ರ್ಯಾನ್ ಸ್ಲಾಮ್ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ 128 ಜಾಗಗಳಿವೆ. ರ‍್ಯಾಂಕಿಂಗ್ ನೋಡಿ ನೇರವಾಗಿ ಒಳಗೆ ಬಿಡುವುದು ಸಾಮಾನ್ಯವಾಗಿ 104 ಮಂದಿಯನ್ನು. 161ನೆಯವನು ಒಂದು ವಾರ ಮೊದಲೇ ಬಂದು, ಹೊರಗಿನ ಅಂಗಣಗಳಲ್ಲಿ ಮೂರು ಕ್ವಾಲಿಫೈಯಿಂಗ್ ಪಂದ್ಯ ಗೆಲ್ಲಬೇಕು. ಆಮೇಲೆ ಅವನ ಪಾಲಿಗೆ ಟೂರ್ನಿ ಶುರು. ಒಂದರಲ್ಲಿ ಸೋತರೂ ಚೀಲ ಕಟ್ಟಿಕೊಂಡು ಮತ್ತೆ ಯಾವುದೋ ಊರಿನ ಚಾಲೆಂಜರ್ ಎಂಬ ಕೆಳಹಂತದ ಟೂರ್ನಿಗೆ ಹೊರಡಬೇಕು. ಆ ಮಟ್ಟದಲ್ಲಿ ಬರುವ ಬಹುಮಾನದ ಹಣ ವಿಮಾನಕ್ಕೂ ಹೋಟೆಲಿಗೂ ಸರಿಹೋಗುತ್ತದೆ. ಪೂರ್ತಿ ವರ್ಷ ಜತೆಗೊಬ್ಬ ಕೋಚ್ ಇಟ್ಟುಕೊಳ್ಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಎದುರಾಳಿಯ ಬ್ಯಾಕ್‌ಹ್ಯಾಂಡ್ ಎಷ್ಟು ಎತ್ತರದ ಚೆಂಡಿಗೆ ತಡವರಿಸುತ್ತದೆ, 30-40 ಇದ್ದಾಗ ಅವನು ಸರ್ವ್ ಎತ್ತ ಹಾಕುತ್ತಾನೆ ಎನ್ನುವುದನ್ನೆಲ್ಲ ತಾನೇ ನೋಡಿ ನೆನಪಿಟ್ಟುಕೊಳ್ಳಬೇಕು. ತೋಳಿನ ಬಲದಿಂದ ಗೆಲ್ಲಲು ಆಗದವನು ಲೆಕ್ಕದಿಂದ ಗೆಲ್ಲಬೇಕಾಗುತ್ತದೆ. ಈ ಲೆಕ್ಕವೇ ಕೋಚ್‌ನ ಕಸುಬು.

ಹುಟ್ಟು ಪ್ರತಿಭೆಗಳ ಕಷ್ಟ ಬೇರೆ. ಅವರಿಗೆ ಹೊಡೆತ ತಾನಾಗಿ ಬಂದಿರುತ್ತದೆ, ಹೇಗೆ ಬಂತು ಎಂದು ಕೇಳಿದರೆ ‘ಹೀಗೆ ಹೊಡೆ’ ಎಂದು ಹೊಡೆದು ತೋರಿಸಬಲ್ಲರು, ಅಷ್ಟೇ.

ಸಿನ್ನರ್‌ಗಿಂತ ಮೊದಲೇ ವಾನ್ಯೊಜ್ಜಿ ಏನೆಂದು ಗೊತ್ತಾಗಿತ್ತು. 2018ರ ಫ್ರೆಂಚ್ ಓಪನ್‌ಗೆ ಅವರು ಕರೆತಂದ ಮಾರ್ಕೊ ಚೆಕ್ಕಿನಾಟೊ ಅದುವರೆಗೆ ಗ್ರ್ಯಾನ್ ಸ್ಲಾಮ್ ಮುಖ್ಯ ಸುತ್ತಿನಲ್ಲಿ ಒಂದೇ ಒಂದು ಪಂದ್ಯ ಗೆದ್ದವರಲ್ಲ. ರ‍್ಯಾಂಕಿಂಗ್ 72. ಮೊದಲ ಪಂದ್ಯದಲ್ಲೇ ಎರಡು ಸೆಟ್ ಹಿಂದೆ ಬಿದ್ದು, ಐದನೇ ಸೆಟ್ಟನ್ನು 10-8ರಿಂದ ಗೆದ್ದು ಬದುಕಿಕೊಂಡರು. ಆಮೇಲೆ ಕರೆನೊ ಬುಸ್ಟಾ, ಗೊಫಿನ್, ಕೊನೆಗೆ ಕ್ವಾರ್ಟರ್ ಫೈನಲ್‌ನಲ್ಲಿ ನೊವಾಕ್ ಜೊಕೊವಿಚ್. ನಾಲ್ಕನೇ ಸೆಟ್ಟನ್ನು ತೀರ್ಮಾನಿಸುವ ಟೈಬ್ರೇಕ್ 13-11ರವರೆಗೆ ಎಳೆದಾಡಿತು. ನೆಟ್ ದಾಟಿದ ಕೂಡಲೇ ಬೀಳುವ ಡ್ರಾಪ್ ಶಾಟ್ ಹಾಕಿ ಜೊಕೊವಿಚ್‌ರನ್ನು ಮುಂದಕ್ಕೆ ಎಳೆಯುವುದು, ಅವರು ಹಿಂದಕ್ಕೆ ಓಡುವಷ್ಟರಲ್ಲಿ ಮತ್ತೊಂದು ಬದಿಗೆ ಹೊಡೆಯುವುದು, ಇದೇ ಆಟ. ಆ ಪಂದ್ಯ ನೋಡಿದ ಯಾರೂ ಅದನ್ನು ಅದೃಷ್ಟ ಎನ್ನಲಾರರು. ಇಟಲಿಯ ಗಂಡಸೊಬ್ಬರು ಗ್ರ್ಯಾನ್ ಸ್ಲಾಮ್ ಸೆಮಿಫೈನಲ್ ತಲುಪಿದ್ದು 40 ವರ್ಷಗಳಲ್ಲಿ ಅದೇ ಮೊದಲು. ಹಿಂದಿನವರು 1978ರ ಕೊರಾಡೊ ಬಾರಾಜುಟ್ಟಿ.

ಸಿನ್ನರ್ ವಿಷಯಕ್ಕೆ ಬಂದರೆ ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಮೊದಲ ವರ್ಷದ ಸೋಲು. 2021 ಮುಗಿದಾಗ ಅವರು ಹತ್ತನೇ ಸ್ಥಾನದಲ್ಲಿದ್ದರು, ಬೇಸ್‌ಲೈನ್‌ನಿಂದ ನೇರ, ಚಪ್ಪಟೆಯಾಗಿ, ಬಲವಾಗಿ ಹೊಡೆಯುವ ಹುಡುಗ. ಹೊಸ ಕೋಚ್ ಜತೆಗಿನ 2022 ಮುಗಿದಾಗ 15ಕ್ಕೆ ಜಾರಿದ್ದರು. ವಿಂಬಲ್ಡನ್‌ನಲ್ಲಿ ಜೊಕೊವಿಚ್ ವಿರುದ್ಧ ಎರಡು ಸೆಟ್ ಮುಂದಿದ್ದು ಸೋತರು, ಅಮೆರಿಕ ಓಪನ್‌ನಲ್ಲಿ ಕಾರ್ಲೊಸ್ ಅಲ್ಕರಾಜ್ ವಿರುದ್ಧ ಮ್ಯಾಚ್ ಪಾಯಿಂಟ್ ಕೈಲಿದ್ದು ಸೋತರು. ಬೇರೆ ಕೋಚ್ ಆಗಿದ್ದರೆ ಹೆದರಿ ಹಳೆಯ ಆಟಕ್ಕೆ ಮರಳುತ್ತಿದ್ದರು. ಇವರು ಸರ್ವ್ ಬಿಚ್ಚಿ ಮತ್ತೆ ಜೋಡಿಸಿದರು. ಚೆಂಡು ಮೇಲೆಸೆದಾಗ ಹಿಂದಿನ ಕಾಲು ಮುಂದಿನ ಕಾಲಿನ ಪಕ್ಕಕ್ಕೆ ಬರಬೇಕೇ, ಇದ್ದಲ್ಲೇ ನಿಲ್ಲಬೇಕೇ? ಕೇಳಲು ಇಷ್ಟು ಸಣ್ಣ ಪ್ರಶ್ನೆ. ಆದರೆ ಕಾಲು ಸರಿದರೆ ನೆಗೆತದ ಎತ್ತರ, ಚೆಂಡು ಸಿಗುವ ಜಾಗ, ಲಯ ಎಲ್ಲವೂ ಸರಿಯುತ್ತವೆ. ಎರಡನ್ನೂ ಪ್ರಯೋಗಿಸಿ ನೋಡಿದರು. ಡ್ರಾಪ್ ಶಾಟ್ ಬಂತು, ಚೆಂಡನ್ನು ಕೊಯ್ದಂತೆ ಹೊಡೆಯುವ ಸ್ಲೈಸ್ ಬಂತು, ನೆಟ್ ಕಡೆ ನಡೆಯುವ ಧೈರ್ಯ ಬಂತು. 2023 ಮುಗಿದಾಗ ರ‍್ಯಾಂಕಿಂಗ್ ನಾಲ್ಕು.

ಮುಂದಿನದು ಗೊತ್ತೇ ಇದೆ. 2024ರ ಜನವರಿ 27ರ ರಾತ್ರಿ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜತೆ ಡಬಲ್ಸ್ ಕಿರೀಟ ಗೆದ್ದಾಗ ಎದುರಿಗಿದ್ದವರು ಇಟಲಿಯ ಬೊಲೆಲ್ಲಿ ಮತ್ತು ವವಾಸೊರಿ. ಆ ಸೋಲಿನ ಬೇಸರ ಇಟಲಿಗೆ ಒಂದು ದಿನ ಕೂಡ ಉಳಿಯಲಿಲ್ಲ. ಮಾರನೆಯ ದಿನ ಅದೇ ಅಂಗಣದಲ್ಲಿ ಸಿಂಗಲ್ಸ್ ಫೈನಲ್‌ನಲ್ಲಿ ಸಿನ್ನರ್ ಎರಡು ಸೆಟ್ ಸೋತು, ಉಳಿದ ಮೂರನ್ನೂ ಗೆದ್ದು ಮೆಡ್ವೆಡೆವ್‌ರನ್ನು ಮಣಿಸಿದರು.

ಇದು ಒಬ್ಬರ ಕಥೆಯೂ ಅಲ್ಲ. ಮಟ್ಟೆಯೊ ಬೆರೆಟ್ಟಿನಿಯನ್ನು ಹುಡುಗನಾಗಿದ್ದಾಗಿನಿಂದ ತಿದ್ದಿ 2021ರ ವಿಂಬಲ್ಡನ್ ಫೈನಲ್‌ಗೆ ಮುಟ್ಟಿಸಿದ ವಿಂಚೆಂಜೊ ಸಾಂಟೊಪಾಡ್ರೆ ಏರಿದ್ದು 100ನೇ ರ‍್ಯಾಂಕಿಂಗ್‌ವರೆಗೆ ಮಾತ್ರ. ಫ್ಲಾವಿಯೊ ಕೊಬೊಲ್ಲಿಯ ಕೋಚ್ ಅವರ ತಂದೆ ಸ್ಟೆಫಾನೊ, ಅವರು 200ರ ಒಳಗೆ ಬಂದವರೇ ಅಲ್ಲ. 2025ರಲ್ಲಿ ಸಿನ್ನರ್ ಆಡದೆಯೂ ಬೊಲೊನ್ಯಾದಲ್ಲಿ ಇಟಲಿ ಡೇವಿಸ್ ಕಪ್ ಉಳಿಸಿಕೊಂಡಿತಲ್ಲ, ಆ ತಂಡದ ಎರಡು ಕಂಬಗಳು ಬೆರೆಟ್ಟಿನಿ ಮತ್ತು ಕೊಬೊಲ್ಲಿ. ಚಾಲೆಂಜರ್ ಟೂರ್ನಿಗಳಲ್ಲಿ ಸವೆದುಹೋದ ಒಂದು ತಲೆಮಾರು ಅಂಗಣದ ಪಕ್ಕದ ಕುರ್ಚಿಗೆ ಬಂದು ಕೂತದ್ದರ ಫಲ ಇದು.

ಇನ್ನೊಂದು ಮಾತು. 2022ರ ಜುಲೈಯಿಂದ ಪುರುಷರ ವೃತ್ತಿಪರ ಟೂರ್ ಆದ ಎಟಿಪಿಯ ಪಂದ್ಯಗಳಲ್ಲಿ ಪ್ರಾಯೋಗಿಕವಾಗಿ, 2025ರಿಂದ ಟೆನಿಸ್ ನಿಯಮದಲ್ಲೇ, ಕೋಚ್ ಪಂದ್ಯದ ನಡುವೆ ಸಲಹೆ ಕೊಡಬಹುದು. ಎರಡು ಪಾಯಿಂಟ್‌ಗಳ ನಡುವಿನ 25 ಸೆಕೆಂಡಿನಲ್ಲಿ ನಾಲ್ಕು ಮಾತು. ಅಲ್ಲಿ ಹಳೆಯ ಟ್ರೋಫಿಗಳಿಂದ ಉಪಯೋಗವಿಲ್ಲ. ಈ ಹೊತ್ತಿನ ಆಟ ಓದಲು ಬರಬೇಕು.

ವಿರೋಧ: ಗೆದ್ದೆತ್ತಿನ ಬಾಲ

ಕೇಳಲು ಇಂಪಾದ ವಾದ. ದೊಡ್ಡವನಾಗಲು ಆಗದವನು ಇನ್ನೊಬ್ಬನನ್ನು ದೊಡ್ಡವನನ್ನಾಗಿ ಮಾಡಿದ ಕಥೆ ಯಾರಿಗೆ ಇಷ್ಟವಿಲ್ಲ? ಆದರೆ ಲೆಕ್ಕ ಹಿಡಿಯುವುದಾದರೆ ಪೂರ್ತಿ ಹಿಡಿಯಬೇಕು. 100ರಿಂದ 300ರ ನಡುವೆ ಆಡಿ ನಿವೃತ್ತರಾಗಿ ಕೋಚಿಂಗ್‌ಗೆ ಇಳಿದವರು ಜಗತ್ತಿನ ಎಲ್ಲ ದೇಶಗಳಲ್ಲೂ ಇದ್ದಾರೆ. ಅವರೆಲ್ಲರೂ ಕ್ವಾಲಿಫೈಯಿಂಗ್ ಅಂಗಣದಲ್ಲೇ ಕಲಿತವರು, ಎಲ್ಲರೂ ಲೆಕ್ಕ ಹಾಕಿಯೇ ಬದುಕಿದವರು. ನಂಬರ್ ಒನ್ ಎಷ್ಟು ಜನರ ಕೈಯಿಂದ ಬಂದರು? ಗೆದ್ದವರ ಪಕ್ಕದಲ್ಲಿ ಕೂತವರನ್ನು ಮಾತ್ರ ಎಣಿಸಿದರೆ ಯಾವ ಸಿದ್ಧಾಂತವನ್ನು ಬೇಕಾದರೂ ನಿಲ್ಲಿಸಬಹುದು.

ಚೆಕ್ಕಿನಾಟೊ ಕಥೆಯನ್ನು ಪರ ವಾದ 2018ರ ಸೆಮಿಫೈನಲ್‌ಗೇ ನಿಲ್ಲಿಸಿದ್ದೂ ಅದಕ್ಕೇ. 2019ರ ಫೆಬ್ರುವರಿಯಲ್ಲಿ ಅವರು 16ನೇ ಸ್ಥಾನಕ್ಕೇರಿದರು, ಅದೇ ವರ್ಷ ಜಾರತೊಡಗಿದರು, ಆ ಎತ್ತರಕ್ಕೆ ಮತ್ತೆ ಬರಲೇ ಇಲ್ಲ. ಇಳಿತಕ್ಕೆ ವಾನ್ಯೊಜ್ಜಿಯವರನ್ನು ಹೊಣೆ ಮಾಡುವುದು ನ್ಯಾಯವಲ್ಲ ಎನ್ನುವಿರಾದರೆ ಒಪ್ಪುತ್ತೇನೆ. ಹಾಗಾದರೆ ಏರಿದ್ದರ ಪೂರ್ತಿ ಕೀರ್ತಿಯನ್ನೂ ಅವರಿಗೇ ಕಟ್ಟಬೇಡಿ.

ಸಿನ್ನರ್ ವಾನ್ಯೊಜ್ಜಿ ಕೈಗೆ ಸಿಕ್ಕಾಗ ಹಸಿ ಮಣ್ಣಾಗಿರಲಿಲ್ಲ. 13ನೇ ವಯಸ್ಸಿನಿಂದ ಬೊರ್ಡಿಗೆರಾದಲ್ಲಿ ರಿಕಾರ್ಡೊ ಪಿಯಾಟ್ಟಿಯ ಅಕಾಡೆಮಿಯಲ್ಲಿ ಬೆಳೆದು, ಐದು ಎಟಿಪಿ ಪ್ರಶಸ್ತಿ ಗೆದ್ದು, ಮೊದಲ ಹತ್ತರೊಳಗೆ ಬಂದಿದ್ದವರು. ಆ ಪಿಯಾಟ್ಟಿ ಕೂಡ ಹೆಸರಾಂತ ಆಟಗಾರರಲ್ಲ, ನಿಜ. ಪರ ಪಕ್ಷದವರು ಅವರನ್ನು ಯಾಕೆ ಬಿಟ್ಟರೋ, ನಾನೇ ತರುತ್ತೇನೆ. ಪಿಯಾಟ್ಟಿ ಬಳಿ ಇದ್ದ ಬಂಡವಾಳ ಆಡಿದ ರ‍್ಯಾಂಕಿಂಗ್ ಅಲ್ಲ, ರೆಂಜೊ ಫುರ್ಲಾನ್‌ರಿಂದ ಇವಾನ್ ಲ್ಯುಬಿಚಿಚ್‌ವರೆಗೆ ದಶಕಗಟ್ಟಲೆ ಆಟಗಾರರನ್ನು ಬೆಳೆಸಿದ ಅನುಭವ. ಲ್ಯುಬಿಚಿಚ್ ವಿಶ್ವದ ಮೂರನೇ ಸ್ಥಾನಕ್ಕೇರಿದ್ದು ಅವರ ಜತೆಗೆ. ಕೋಚ್ ಆಗಿ ಕಳೆದ ಕಾಲ ಕೋಚ್‌ನನ್ನು ಮಾಡುತ್ತದೆ. ಅದಕ್ಕೂ ಮೊದಲು 161 ಆಗಿದ್ದರೋ 16 ಆಗಿದ್ದರೋ ಎನ್ನುವುದರಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ.

ಹೆಚ್ಚೇನೂ ಎಂದೆ, ಏನೂ ಇಲ್ಲ ಎನ್ನಲಿಲ್ಲ. ಯಾಕೆಂದರೆ ಟೆನಿಸ್‌ನಲ್ಲಿ ಕೆಲವು ಗಳಿಗೆಗಳಿವೆ, ಅಲ್ಲಿಗೆ ಹೋಗಿ ಬಂದವರಿಗೆ ಮಾತ್ರ ಅದರ ದಾರಿ ಗೊತ್ತು. ಇವಾನ್ ಲೆಂಡ್ಲ್ ತಮ್ಮ ಮೊದಲ ನಾಲ್ಕು ಗ್ರ್ಯಾನ್ ಸ್ಲಾಮ್ ಫೈನಲ್‌ಗಳನ್ನೂ ಸೋತವರು. ಆಮೇಲೆ ಎಂಟು ಗೆದ್ದರು. ಆ್ಯಂಡಿ ಮರ‍್ರೆ ಈ ಲೆಂಡ್ಲ್‌ರನ್ನು ಕೋಚ್ ಆಗಿ ಕರೆದುಕೊಂಡದ್ದು ತಾವು ಮೂರು ಫೈನಲ್ ಸೋತ ಮೇಲೆ. 2012ರ ವಿಂಬಲ್ಡನ್‌ನಲ್ಲಿ ನಾಲ್ಕನೆಯದನ್ನೂ ಸೋತು ಅಂಗಣದಲ್ಲೇ ಅತ್ತರು. ಅದೇ ಬೇಸಿಗೆಯಲ್ಲಿ ಒಲಿಂಪಿಕ್ಸ್ ಚಿನ್ನ, ಅಮೆರಿಕ ಓಪನ್, ಮರುವರ್ಷ ವಿಂಬಲ್ಡನ್. ನಾಲ್ಕು ಫೈನಲ್ ಸೋತವನ ಪಕ್ಕ ಕೂತು ಇದನ್ನು ದಾಟಬಹುದು ಎನ್ನಲು ನಾಲ್ಕು ಫೈನಲ್ ಸೋತವನೇ ಬೇಕಾಯಿತು. ಹಳೆಯ ಚಾಂಪಿಯನ್ ಬೋರಿಸ್ ಬೆಕರ್ ಕೋಚ್ ಆಗಿ ಜತೆಗಿದ್ದ 2014ರಿಂದ 2016ರ ಮೂರು ವರ್ಷಗಳಲ್ಲಿ ಜೊಕೊವಿಚ್ ಗೆದ್ದ ಗ್ರ್ಯಾನ್ ಸ್ಲಾಮ್‌ಗಳು ಆರು. ಹೊಡೆದು ತೋರಿಸುವುದು ಬಿಟ್ಟು ಇವರಿಗೆ ಬೇರೇನೂ ಬರುವುದಿಲ್ಲ ಎಂದು ಯಾರು ಹೇಳಿಯಾರು?

ಇಟಲಿಯನ್ನೇ ನೋಡಿ. 1978ರ ಸೆಮಿಫೈನಲ್‌ಗಾಗಿ ಪರ ವಾದ ನೆನೆದ ಬಾರಾಜುಟ್ಟಿ ವಿಶ್ವದ ಏಳನೇ ಸ್ಥಾನದವರೆಗೆ ಹೋದವರು, 1976ರಲ್ಲಿ ಡೇವಿಸ್ ಕಪ್ ಗೆದ್ದ ತಂಡದಲ್ಲಿದ್ದವರು. ಅದೇ ಬಾರಾಜುಟ್ಟಿ ನಾಯಕರಾಗಿ ಇಟಲಿಯ ಮಹಿಳಾ ತಂಡಕ್ಕೆ 2006, 2009, 2010 ಮತ್ತು 2013ರಲ್ಲಿ ಫೆಡ್ ಕಪ್ ತಂದುಕೊಟ್ಟರು. ಪಿಯಾಟ್ಟಿಯ ಶಿಷ್ಯ ಫುರ್ಲಾನ್ 19ನೇ ಸ್ಥಾನದವರೆಗೆ ಆಡಿ, ಕೋಚ್ ಆಗಿ ಜಾಸ್ಮಿನ್ ಪಾವೊಲಿನಿಯನ್ನು 2024ರಲ್ಲಿ ಫ್ರೆಂಚ್ ಓಪನ್, ವಿಂಬಲ್ಡನ್ ಎರಡರ ಫೈನಲ್‌ಗೂ ಮುಟ್ಟಿಸಿದರು. ಡೇವಿಸ್ ಕಪ್ಪನ್ನು 2023, 2024, 2025ರಲ್ಲಿ ಸಾಲಾಗಿ ಗೆದ್ದ ನಾಯಕ ಫಿಲಿಪ್ಪೊ ವೊಲಾಂಡ್ರಿ 25ನೇ ಸ್ಥಾನದವರು, 2007ರಲ್ಲಿ ರೋಮ್‌ನಲ್ಲಿ ಫೆಡರರ್‌ರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದವರು. ಬೊಲೊನ್ಯಾದಲ್ಲಿ ಅಂಗಣದ ಪಕ್ಕದ ಆ ಕುರ್ಚಿಯಲ್ಲಿ ಕೂತಿದ್ದದ್ದು ಇವರು. ಚಾಲೆಂಜರ್‌ನಲ್ಲಿ ಸವೆದ ತಲೆಮಾರಿನ ಫಲ ಎಂಬ ಮಾತಿಗೆ ಇವರನ್ನೆಲ್ಲ ಎಲ್ಲಿ ಕೂರಿಸುವುದು?

ಈಗ 2025ರ ಜೂನ್ 8ಕ್ಕೆ ಬರೋಣ. ಫ್ರೆಂಚ್ ಓಪನ್ ಫೈನಲ್. ಎರಡು ಸೆಟ್ ಗೆದ್ದ ಸಿನ್ನರ್ ನಾಲ್ಕನೆಯದರಲ್ಲಿ 5-3 ಮುಂದಿದ್ದಾರೆ, ಅಲ್ಕರಾಜ್ ಸರ್ವ್‌ನಲ್ಲಿ 0-40. ಒಂದು ಪಾಯಿಂಟ್ ಸಾಕು, ಪ್ರಯತ್ನ ಮೂರು ಇವೆ. ಮೂರೂ ಹೋದವು. 5 ಗಂಟೆ 29 ನಿಮಿಷದ ಆ ಪಂದ್ಯದ ಕೊನೆಯ ಟೈಬ್ರೇಕ್ 10-2, ಅಲ್ಕರಾಜ್ ಕಡೆಗೆ. ಆಗಿನ ಅವರ ಕೋಚ್ ಹುವಾನ್ ಕಾರ್ಲೊಸ್ ಫೆರೆರೊ 2003ರಲ್ಲಿ ಇದೇ ಟ್ರೋಫಿ ಎತ್ತಿದವರು, ನಂಬರ್ ಒನ್ ಆಗಿದ್ದವರು. ಫೆರೆರೊ ಕೂತದ್ದಕ್ಕೇ ಅಲ್ಕರಾಜ್ ಗೆದ್ದರು ಎಂದರೆ ನಾನೂ ಗೆದ್ದೆತ್ತಿನ ಬಾಲ ಹಿಡಿದಂತಾಗುತ್ತದೆ. ಐದು ವಾರಗಳಲ್ಲಿ ಸಿನ್ನರ್ ಅದೇ ಅಲ್ಕರಾಜ್‌ರನ್ನು ವಿಂಬಲ್ಡನ್ ಫೈನಲ್‌ನಲ್ಲಿ ಸೋಲಿಸಿದ್ದೂ ನಿಜ.

ಆದರೆ ಆ ಐದು ವಾರ ಸಿನ್ನರ್ ಜತೆಗಿದ್ದವರು ವಾನ್ಯೊಜ್ಜಿ ಒಬ್ಬರೇ ಅಲ್ಲ. ಪರ ವಾದದ ಉದ್ದಕ್ಕೂ ಒಂದು ಹೆಸರು ಎಲ್ಲೂ ಕಾಣಿಸದ್ದನ್ನು ಓದುಗರು ಗಮನಿಸಿರಬಹುದು. ಡ್ಯಾರೆನ್ ಕಾಹಿಲ್. ವಾನ್ಯೊಜ್ಜಿ ಬಂದ ಕೆಲವೇ ತಿಂಗಳಲ್ಲಿ, 2022ರ ಹುಲ್ಲಂಗಣದ ಟೂರ್ನಿಗಳ ಹೊತ್ತಿಗೆ, ಸಿನ್ನರ್ ಈ ಆಸ್ಟ್ರೇಲಿಯನ್ನನ್ನು ತಂಡಕ್ಕೆ ಸೇರಿಸಿಕೊಂಡರು. 1988ರ ಅಮೆರಿಕ ಓಪನ್ ಸೆಮಿಫೈನಲ್ ಆಡಿದವರು, 22ನೇ ಸ್ಥಾನದವರೆಗೆ ಹೋದವರು; ಕೋಚ್ ಆಗಿ ಹ್ಯೂಯಿಟ್, ಅಗಾಸ್ಸಿ, ಹಾಲೆಪ್ ಮೂವರೂ ನಂಬರ್ ಒನ್ ಆಗಿದ್ದಾಗ ಜತೆಗಿದ್ದವರು. 2023ರಲ್ಲಿ ಎಟಿಪಿ ವರ್ಷದ ಕೋಚ್ ಗೌರವ ಸಿಕ್ಕಿದ್ದೂ ಇಬ್ಬರಿಗೂ ಸೇರಿಯೇ. ತಾಂತ್ರಿಕ ಕೆಲಸ ವಾನ್ಯೊಜ್ಜಿಯವರದು, ದೊಡ್ಡ ಪಂದ್ಯಗಳ ತಲೆನೋವು ಹೆಚ್ಚಾಗಿ ಕಾಹಿಲ್ ಅವರದು. ವಾನ್ಯೊಜ್ಜಿ ತಮ್ಮ ಕೆಲಸದಲ್ಲಿ ಪರಿಣತರು, ಅದರಲ್ಲಿ ಎರಡು ಮಾತಿಲ್ಲ.

2025ರ ಕೊನೆಗೆ ತಾನು ತಂಡ ಬಿಡುವ ಯೋಚನೆಯಲ್ಲಿದ್ದೇನೆ ಎಂದು ಕಾಹಿಲ್ ಹೇಳಿದ್ದರು. ವಿಂಬಲ್ಡನ್ ಫೈನಲ್‌ಗೆ ಮೊದಲು ಸಿನ್ನರ್ ಕಾಹಿಲ್ ಜತೆ ಪಣ ಕಟ್ಟಿದರು: ಗೆದ್ದರೆ, ಕಾಹಿಲ್ ಉಳಿಯಬೇಕೋ ಹೋಗಬೇಕೋ ಎನ್ನುವ ತೀರ್ಮಾನ ತನ್ನದು. ಗೆದ್ದ ಮೇಲೆ ಈ ಗುಟ್ಟನ್ನು ಪತ್ರಕರ್ತರ ಮುಂದೆ ನಗುತ್ತಾ ಹೇಳಿದರು. ತಂಡದಲ್ಲಿ ಯಾರಿಂದ ಏನು ಸಿಗುತ್ತದೆ ಎನ್ನುವುದು ನಮಗಿಂತ ಸಿನ್ನರ್‌ಗೆ ಚೆನ್ನಾಗಿ ಗೊತ್ತಿರಬೇಕು. ಚಾಲೆಂಜರ್‌ನಲ್ಲಿ ಪಳಗಿದ ಕೋಚ್ ಒಬ್ಬರೇ ಸಾಕೆಂದು ಅನ್ನಿಸಿದ್ದರೆ ಅವರು ಆ ಪಣಕ್ಕೆ ಕೈ ಹಾಕುತ್ತಿರಲಿಲ್ಲ.